ವಾಲ್ಡ್‌ಸ್ಟೈನ್ ಕಲಿಸುವ ಮೇಷ್ಟ್ರುಗಳು

ಪ್ರೀತಿಯ ಅಕ್ಕಾ,

ನಾನು ಆರಾಮಾಗಿದ್ದೇನೆ. ಒಂದೇ ಸೊನಾಟಾಗೆ (ಹಲವು ಭಾಗಗಳಿರುವ ಪಿಯಾನೋ ಕೃತಿಗೆ) ಇಷ್ಟು ತಿಂಗಳು ಯಾಕೆ, ಮೇಷ್ಟ್ರು ಅಷ್ಟು ಹೊತ್ತು ಏನು ಹೇಳಿಕೊಡುತ್ತಾರೆ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನುಡಿಸುತ್ತಿರುವುದು ಜರ್ಮನ್ ಸಂಗೀತ ರಚನಕಾರ ಬೀಥೋವನ್‌ನ ಓಪಸ್ 53, ಅಂದರೆ 53ನೇ ಸಂಖ್ಯೆಯ ಕೃತಿ. 1803–04ರಲ್ಲಿ ರಚಿಸಿದ್ದು. ವಾಲ್ಡ್‌ಸ್ಟೈನ್ ಎಂಬ ಕೌಂಟ್‌ಗೆ (ಶ್ರೀಮಂತ ಮನೆತನದವನಿಗೆ) ಅರ್ಪಿಸಿದ್ದಕ್ಕೆ ಇದಕ್ಕೆ ವಾಲ್ಡ್‌ಸ್ಟೈನ್ ಸೊನಾಟಾ ಅಂತ ಹೆಸರು. ಶುರುವಿನಲ್ಲೇ ಒಂದೇ ಕಾರ್ಡನ್ನು (ಒಟ್ಟಿಗೆ ಒತ್ತುವ ಸ್ವರಗಳ ಗುಂಪನ್ನು) ಪಿಯಾನೋದ ಕೆಳಗಿನ ಸ್ವರಗಳಲ್ಲಿ ಬಿಡದೆ ನುಡಿಸಬೇಕು, ಅದೂ ತೀರಾ ಮೆಲ್ಲಗೆ. ವೇಗ ಹೆಚ್ಚಿಸಿದರೆ ಸದ್ದು ಏರುತ್ತದೆ. ಸದ್ದು ಇಳಿಸಿದರೆ ಕೆಲವು ಸ್ವರ ಕೇಳಿಸುವುದೇ ಇಲ್ಲ. ಬೆರಳು ಎತ್ತಲೇಬೇಡ ಅನ್ನುತ್ತಾರೆ ಮೇಷ್ಟ್ರು. ಗ್ರ್ಯಾಂಡ್ ಪಿಯಾನೋದಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಒತ್ತಬಹುದು. ಆ ಸಣ್ಣ ಅಂತರದಲ್ಲೇ ಎಲ್ಲಾ ಆಗಬೇಕು. ಇದೊಂದಕ್ಕೇ ಪೂರ್ತಿ ಪಾಠಗಳು ಹೋಗಿವೆ.

ವೇಗವನ್ನು ಮೊದಲ ಸಾಲಿನಲ್ಲಿ ತೀರ್ಮಾನಿಸಲು ಬಿಡುವುದಿಲ್ಲ. ಮುಂದೆ ಇ ಮೇಜರ್ ಅನ್ನುವ ಶ್ರುತಿಯಲ್ಲಿ ಶಾಂತವಾದ ಎರಡನೇ ರಾಗ ಬರುತ್ತದೆ. ಅದನ್ನು ಮೊದಲು ಬಾಯಲ್ಲಿ ಹಾಡಿಸುತ್ತಾರೆ. ಹಾಡಲು ಹಿತವಾದ ವೇಗ ಯಾವುದೋ ಅದನ್ನೇ ಶುರುವಿಗೂ ತರಬೇಕು. ತುಂಬ ಜನ ಮೊದಲು ಸುಮ್ನೆ ಓಡಿ, ಇಲ್ಲಿ ಬಂದು ಬ್ರೇಕ್ ಹಾಕುತ್ತಾರೆ.

ನಿಧಾನವಾಗಿ ಶುರುಮಾಡಿ ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ಸ್ವಲ್ಪ ಸ್ವಲ್ಪ ಏರಿಸು ಅನ್ನುವುದು ಎಲ್ಲರೂ ಕೊಡುವ ಸಲಹೆ. ನನಗಂತೂ ಅದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ನಿಧಾನದಲ್ಲಿ ಕೈ ಚಲಿಸುವ ರೀತಿಯೇ ಬೇರೆ, ಅಲ್ವಾ? ಒಳ್ಳೆಯ ಮೇಷ್ಟ್ರುಗಳು ನಾಲ್ಕಾರು ಸ್ವರಗಳನ್ನಷ್ಟೇ ಪೂರ್ತಿ ವೇಗದಲ್ಲಿ ನುಡಿಸಲು ಹೇಳುತ್ತಾರೆ. ನಿಲ್ಲಿಸಿ, ಭುಜ ಬಿಗಿಯಾಗಿದೆಯಾ ಅಂತ ನೋಡುತ್ತಾರೆ. ಆಮೇಲೆ ಮುಂದಿನ ತುಂಡು. ಜೋಡಿಸುವುದು ಕೊನೆಗೆ.

ಮೇಷ್ಟ್ರುಗಳ ನಡುವೆ ಒಮ್ಮತ ಇಲ್ಲದಿರುವುದು ಕೊನೆಯ ಭಾಗ ರೊಂಡೊದಲ್ಲಿ (ಮುಖ್ಯ ರಾಗ ಮತ್ತೆ ಮತ್ತೆ ಮರಳಿ ಬರುವ ಭಾಗ). ಎಡಗೈ ಮೊದಲು ಕೆಳಗಿನ ಸ್ವರ ಒತ್ತಿ, ಬಲಗೈಯನ್ನು ದಾಟಿ ಹೋಗಿ ರಾಗ ನುಡಿಸುತ್ತದೆ. ಹಲವು ಬಾರ್‌ಗಳವರೆಗೆ (ತಾಳದ ಆವರ್ತಗಳವರೆಗೆ), ಕಾಲಿನಿಂದ ಒತ್ತಿ ನಾದ ಉಳಿಸುವ ಪೆಡಲ್ ಎತ್ತಬಾರದು ಅಂತ ಬೀಥೋವನ್ನೇ ಗುರುತು ಹಾಕಿದ್ದಾನೆ. ಆಗಿನ ಪಿಯಾನೋಗಳಲ್ಲಿ ನಾದ ಬೇಗ ಆರುತ್ತಿತ್ತು. ಈಗ ಹಾಗೇ ಒತ್ತಿದರೆ ಎಲ್ಲಾ ಕಲಸಿಹೋಗುತ್ತದೆ. ಕೆಲವರು ಅರ್ಧ ಪೆಡಲ್ ಹಾಕಿಸುತ್ತಾರೆ. ಕಲಸಿದರೆ ಕಲಸಲಿ, ಅವನಿಗೆ ಬೇಕಿದ್ದದ್ದೇ ಅದು ಅನ್ನುವವರೂ ಇದ್ದಾರೆ. ನಮ್ಮ ಮೇಷ್ಟ್ರು ಪೆಡಲ್ ಪೂರ್ತಿ ಒತ್ತಿಸಿ, ಬಲಗೈ ಮಾತ್ರ ಇನ್ನೂ ಮೆಲ್ಲಗೆ ಮಾಡಿಸುತ್ತಾರೆ. ತಪ್ಪು ಕಾಲಿನದಲ್ಲವಂತೆ, ಕೈಯದಂತೆ. ಕೇಳಿದರೆ ಹೌದು ಅನ್ನಿಸುತ್ತದೆ.

ಕೊನೆಯ ಪುಟಗಳಲ್ಲಿ ಹೆಬ್ಬೆರಳು, ಕಿರುಬೆರಳು ಚಾಚಿ ಆಕ್ಟೇವ್‌ಗಳನ್ನು (ಒಂದೇ ಸ್ವರದ ಕೆಳಗಿನ, ಮೇಲಿನ ಸ್ಥಾಯಿಯ ಜೋಡಿಗಳನ್ನು) ಜಾರಿಸಬೇಕು. ಆಗಿನ ಕೀಗಳು ಹಗುರ, ಆಳವೂ ಕಡಿಮೆ. ಈಗಿನ ಪಿಯಾನೋದಲ್ಲಿ ಜಾರಿಸಹೋದರೆ ಬೆರಳಿನ ಚರ್ಮ ಕಿತ್ತುಬರಬಹುದು. ಹಾಗಾಗಿ ಅದನ್ನು ಎರಡು ಕೈಗೂ ಹಂಚಿಕೊಡುವವರಿದ್ದಾರೆ.

ಅದಾದ ಮೇಲೆ ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗ ಬೇಗ ಬದಲಾಯಿಸಿ ನುಡಿಸುವುದು. ಅದೇ ಕೈ ಟ್ರಿಲ್ ಬಿಡದೆ ಮೇಲೆ ರಾಗವನ್ನೂ ನುಡಿಸಬೇಕು. ಕಷ್ಟವಾದವರಿಗೆ ಸುಲಭದ ದಾರಿಯನ್ನು ಬೀಥೋವನ್ನೇ ಹಸ್ತಪ್ರತಿಯಲ್ಲಿ ಬರೆದಿಟ್ಟಿದ್ದಾನೆ. ಸದ್ಯಕ್ಕೆ ನನಗೆ ಸುಲಭದ್ದೇ ಸಿಕ್ಕಿದೆ.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ ನಿನ್ನ ತಮ್ಮ