ಹಳೇ ಕೇಸು ಮುಚ್ಚಿಡಬೇಡಿ, ಅರ್ಜಿಯಲ್ಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಪೊಲೀಸ್ ಕೆಲಸಕ್ಕೆ ಓದುತ್ತಿರುವ ಹುಡುಗರಿಗೆ ಊರಲ್ಲಿ ಸಿಗುವ ಒಂದು ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ‘ಹಳೇ ಕೇಸು ಗೀಸು ಏನೂ ಬರೀಬೇಡ, ಇಲ್ಲ ಅಂತ ಹಾಕಿಬಿಡು, ಯಾರು ನೋಡ್ತಾರೆ’ ಅಂತ. ನೋಡುತ್ತಾರೆ. ನಾನು ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ವೆರಿಫಿಕೇಶನ್ ಕಾಗದ ಬಂದಾಗ ರಿಜಿಸ್ಟರ್ ತೆಗೆದು ಹೆಸರು ಹುಡುಕುವುದು ನಮ್ಮ ಕೆಲಸವೇ ಆಗಿತ್ತು, ಈಗಂತೂ ಎಫ್‌ಐಆರ್ ಎಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ.

ಇವರಲ್ಲಿ ಹೆಚ್ಚಿನವರು ಕಳ್ಳರೂ ಅಲ್ಲ, ರೌಡಿಗಳೂ ಅಲ್ಲ. ಜಾತ್ರೆಯಲ್ಲಿ ಹೊಡೆದಾಟ ಆಗಿರುತ್ತದೆ. ಹೊಲದ ಬದುವಿನ ಜಗಳದಲ್ಲಿ ಅಪ್ಪ, ಅಣ್ಣನ ಜೊತೆ ಇವನ ಹೆಸರೂ ಸೇರಿರುತ್ತದೆ. ಇಲ್ಲವೇ ಹೋರಾಟ. 2016ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ಜನ ಬೀದಿಗಿಳಿದಾಗ ನವಲಗುಂದ, ಯಮನೂರು ಕಡೆ ಹೇಗೆ ಹಿಡಿದು ಒಯ್ದರು ಅನ್ನುವುದನ್ನು ಈ ಭಾಗದವರು ಇನ್ನೂ ಮರೆತಿಲ್ಲ. ಇಂಥ ಕೇಸುಗಳಲ್ಲಿ ಮುಂದೆ ರಾಜಿ ಆಗುತ್ತದೆ, ಬಿ ರಿಪೋರ್ಟ್ (ಕೇಸು ಮುಚ್ಚಲು ಪೊಲೀಸರು ಕೋರ್ಟಿಗೆ ಕೊಡುವ ವರದಿ) ಬೀಳುತ್ತದೆ, ಕೆಲವನ್ನು ಸರ್ಕಾರವೇ ವಾಪಸ್ ಪಡೆಯುತ್ತದೆ. ಹುಡುಗ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾನೆ. ಆದರೆ ಫಾರಂ ಕೇಳುವುದು ಶಿಕ್ಷೆ ಆಗಿದೆಯಾ ಅಂತ ಮಾತ್ರ ಅಲ್ಲವಲ್ಲ. ಯಾವತ್ತಾದರೂ ಬಂಧನ ಆಗಿತ್ತಾ, ಕೇಸು ದಾಖಲಾಗಿತ್ತಾ ಅಂತಲೂ ಕೇಳುತ್ತದೆ. ಖುಲಾಸೆ ಆಗಿದ್ದರೂ ಅದಕ್ಕೆ ಉತ್ತರ ‘ಹೌದು’.

ಅದೇ 2016ರ ಜುಲೈ 21ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಇದಕ್ಕೊಂದು ದಾರಿ ಹಾಕಿಕೊಟ್ಟಿತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸಾದರೆ, ಮುಚ್ಚಿಟ್ಟಿದ್ದನ್ನೂ ಇಲಾಖೆ ಮನ್ನಿಸಬಹುದು ಎಂದಿತು. ಮನ್ನಿಸಲೇಬೇಕು ಅಂದಿಲ್ಲ. ನಿಜ ಬರೆದವನಿಗೂ ಕೆಲಸ ಖಾತ್ರಿ ಇಲ್ಲ, ಅವನ ಹಿನ್ನೆಲೆ ನೋಡುವ ಹಕ್ಕು ಇಲಾಖೆಗೆ ಇದ್ದೇ ಇದೆ. ಆದರೂ ನಿಜ ಬರೆದವನ ವಿಷಯದಲ್ಲಿ ಚರ್ಚೆ ಆಗುವುದು ಆ ಜಾತ್ರೆ ಜಗಳದ ಬಗ್ಗೆ. ‘ಇಲ್ಲ’ ಅಂತ ಬರೆದವನ ವಿಷಯದಲ್ಲಿ ಚರ್ಚೆ ಆಗುವುದು ಅವನು ಹೇಳಿದ ಸುಳ್ಳಿನ ಬಗ್ಗೆ. ಸಮವಸ್ತ್ರ ಹಾಕುವವನಿಗೆ ಇದು ಎಷ್ಟೋ ದೊಡ್ಡದು.

ಉತ್ತರ ಪ್ರದೇಶದ ಯುವಕನೊಬ್ಬ 2004ರಲ್ಲಿ ಕಾನ್‌ಸ್ಟೆಬಲ್ ಆಗಿ ಆಯ್ಕೆಯಾಗಿದ್ದ. ಕೇಸು ಖುಲಾಸೆ ಆಗಿತ್ತು, ಠಾಣೆಯವರೂ ನಡತೆ ಚೆನ್ನಾಗಿದೆ ಅಂತಲೇ ವರದಿ ಕೊಟ್ಟಿದ್ದರು, ಆದರೆ ಅಫಿಡವಿಟ್‌ನಲ್ಲಿ ಕೇಸಿನ ವಿಷಯ ಹೇಳಿರಲಿಲ್ಲ ಅನ್ನುವ ಕಾರಣಕ್ಕೆ ಕೆಲಸ ಹೋಯಿತು. ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿದ್ದು 2024ರಲ್ಲಿ. ಗೆದ್ದ ನಿಜ, ಆದರೆ 20 ವರ್ಷ!

ಹದಿನೆಂಟು ತುಂಬುವ ಮೊದಲಿನ ಕೇಸಾದರೆ ಮಾತು ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅದು ಮುಂದೆ ಅನರ್ಹತೆ ಆಗಬಾರದು, ಘೋರ ಅಪರಾಧಕ್ಕಾಗಿ ವಯಸ್ಕನಂತೆ ವಿಚಾರಣೆ ಎದುರಿಸಿದ 16 ದಾಟಿದವರನ್ನು ಬಿಟ್ಟು. ಇದು ಎಷ್ಟೋ ತಂದೆತಾಯಿಗೆ ಗೊತ್ತೇ ಇಲ್ಲ, ಸುಮ್ನೆ ಹೆದರಿ ಕೂತಿರುತ್ತಾರೆ.

ನೇಮಕಾತಿ ವಿಭಾಗದವರಲ್ಲಿ ನನ್ನ ಬೇಡಿಕೆ ಇಷ್ಟೇ. ಆ ಕಾಲಂ ಪಕ್ಕದಲ್ಲಿ ಸರಳ ಕನ್ನಡದಲ್ಲಿ ಬರೆಯಿರಿ: ರಾಜಿಯಾದ, ಖುಲಾಸೆಯಾದ, ಬಿ ರಿಪೋರ್ಟ್ ಆದ ಕೇಸನ್ನೂ ತಿಳಿಸಬೇಕು, ತಿಳಿಸಿದ ಮಾತ್ರಕ್ಕೆ ಅರ್ಜಿ ತಿರಸ್ಕಾರ ಆಗುವುದಿಲ್ಲ ಅಂತ. ಪ್ರಶ್ನೆ ಸ್ಪಷ್ಟವಾಗಿರಬೇಕು ಅಂತ ಕೋರ್ಟೂ ಹೇಳಿದೆ. ತಿರಸ್ಕರಿಸುವುದಾದರೆ ಕಾರಣ ಬರೆದು ಕೊಡಿ. ಹುಡುಗರೇ, ನೀವೂ ಅಷ್ಟೇ, ವೆರಿಫಿಕೇಶನ್ ಬರುವ ತನಕ ಕಾಯಬೇಡಿ. ಕೋರ್ಟಿಗೆ ಹೋಗಿ ತೀರ್ಪಿನ ದೃಢೀಕೃತ ಪ್ರತಿ ಈಗಲೇ ತೆಗೆಸಿಟ್ಟುಕೊಳ್ಳಿ, ಅರ್ಜಿಯಲ್ಲಿ ಕ್ರೈಂ ನಂಬರ್ (ಎಫ್‌ಐಆರ್ ಮೇಲಿನ ಕೇಸಿನ ನಂಬರ್) ಸಮೇತ ಬರೆಯಿರಿ.

– ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಧಾರವಾಡ ಜಿಲ್ಲೆ