ಗೆಳೆಯನಿಗೊಂದು ಪತ್ರ: ತಂತಿ ತುಂಡಾದ ದಿನದ ಹಾಡು

ಶಿರಸಿ, ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಇಪ್ಪತ್ತು ಹಾಡನ್ನೂ ಕೇಳಿದೆ. ಅಕ್ಕನ ಮನೆಗೆಂದು ಬಸ್ಸಿನಲ್ಲಿ ಕಾರವಾರಕ್ಕೆ ಹೊರಟಿದ್ದೆ. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ಹಿಂದಿನ ರಾತ್ರಿಯೇ ಎಲ್ಲ ಡೌನ್‌ಲೋಡ್ ಮಾಡಿಕೊಂಡಿದ್ದೆ. ಕುಮಟೆ ಮುಟ್ಟುವಷ್ಟರಲ್ಲಿ ಒಂದು ಸುತ್ತು ಮುಗಿಯಿತು. ಅಂಕೋಲೆ ದಾಟುವಾಗ ಎರಡನೇ ಸುತ್ತು ನಡೆದಿತ್ತು. ಜೊತೆಗೆ ನಿನ್ನ ಮಾತೂ ತಲೆಯಲ್ಲಿ ತಿರುಗುತ್ತಿತ್ತು: ‘ಈ ಹೊಸ ಇಂಡೀ ರಾಕ್ ಬ್ಯಾಂಡುಗಳೆಲ್ಲ ಹಳೇದರ ಜೆರಾಕ್ಸ್, ಮಾರಾಯ. ಮೂವತ್ತು ಸೆಕೆಂಡು ಕೇಳಿದರೆ ಯಾರ ನಕಲು ಅಂತ ಹೇಳಬಹುದು.’

ಹೇಳಬಹುದು, ಹೌದು. ನಾನೂ ಬಸ್ಸಿನಲ್ಲಿ ಕೂತು ಒಂದೊಂದೇ ಹೇಳುತ್ತಾ ಹೋದೆ.

ನೆನಪಿದೆಯಾ, ಹಾಸ್ಟೆಲಿನಲ್ಲಿ ಇಂಟರ್‌ಪೋಲ್ ಬ್ಯಾಂಡಿನ 2002ರ ಮೊದಲ ಆಲ್ಬಮ್ಮನ್ನು ರಾತ್ರಿಯೆಲ್ಲ ಕೇಳುತ್ತಿದ್ದೆವು. ಆಮೇಲೊಂದು ದಿನ ಜಾಯ್ ಡಿವಿಷನ್ ಅನ್ನುವ ಇಂಗ್ಲಿಷ್ ಬ್ಯಾಂಡಿನ 1979ರ ಆಲ್ಬಮ್ ಸಿಕ್ಕಿತು. ಇಂಟರ್‌ಪೋಲ್ ಸದ್ದೆಲ್ಲ ಅಲ್ಲಿಂದಲೇ ಬಂದ ಹಾಗಿತ್ತು. ಅವತ್ತಿನಿಂದ ಎಷ್ಟೋ ದಿನ ನೀನು ಇಂಟರ್‌ಪೋಲ್ ಹೆಸರೇ ಎತ್ತಲಿಲ್ಲ. ಮೋಸ ಹೋದೆವು ಅನಿಸಿತ್ತು ಇಬ್ಬರಿಗೂ. ಆ ಸಿಟ್ಟು ನಿನಗೆ ಇನ್ನೂ ಇಳಿದಿಲ್ಲ.

ಆದರೆ ಆ ಜಾಯ್ ಡಿವಿಷನ್ ಶುರುವಾದದ್ದಾದರೂ ಹೇಗೆ? 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ಒರಟು ರಾಕ್ ಹಾಡುವ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಕಾರ್ಯಕ್ರಮ ನೋಡಿ ಬಂದ ಪೀಟರ್ ಹುಕ್, ಮುಂದೆ ಜಾಯ್ ಡಿವಿಷನ್ನಿಗೆ ಬೇಸ್ ನುಡಿಸಿದವನು, ಮರುದಿನವೇ ಬೇಸ್ ಗಿಟಾರ್ ಕೊಂಡ. ಇವರೂ ಯಾರನ್ನೋ ನೋಡಿ ಹೊರಟವರೇ. ವಾರ್ಸಾ ಅಂತ ಹೆಸರಿಟ್ಟುಕೊಂಡಿದ್ದ ಕಾಲದ ಅವರ ಹಾಡು ಕೇಳು, ಎಲ್ಲರಂಥದೇ ಪಂಕ್. ಆಮೇಲೆ ಒಂದು ತೊಂದರೆ ಎದುರಾಯಿತು. ಜೊತೆಗಾರ ಬರ್ನಾರ್ಡ್ ಸಮ್ನರನ ಗಿಟಾರಿನ ಸದ್ದು ಜಾಸ್ತಿ. ಹುಕ್‌ನ ಆಂಪ್, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ, ಸಾಧಾರಣದ್ದು. ಕೆಳಗಿನ ಸ್ವರ ನುಡಿಸಿದರೆ ಅವನಿಗೇ ಕೇಳುತ್ತಿರಲಿಲ್ಲ. ಹಾಗಾಗಿ ಮೇಲಿನ ಸ್ವರಗಳಿಗೆ ಹೋದ. ಹಿಂದೆ ನಿಂತು ಗುಂಯ್‌ಗುಡಬೇಕಾದ ಬೇಸು ಮುಂದೆ ಬಂದು ಹಾಡಿನ ಧಾಟಿಯನ್ನೇ ಹೊತ್ತುಕೊಂಡಿತು. ನೀನು ‘ಅಸಲಿ’ ಅನ್ನುವ ಸದ್ದು ಹುಟ್ಟಿದ್ದು ಹೀಗೆ.

ಈಗ ನಿನ್ನ ಪಟ್ಟಿಯ ಹುಡುಗರನ್ನು ನೋಡು. ಅವರ ಹತ್ತಿರ ಒಳ್ಳೆ ಆಂಪ್ ಇದೆ. ಕೆಳಗಿನ ಸ್ವರಕ್ಕೆ ಗೋಡೆ ಅದುರುತ್ತದೆ. ಆದರೂ ಬೇಸನ್ನು ಮೇಲೇ ನುಡಿಸುತ್ತಾರೆ. ಹುಕ್‌ಗೆ ಬೇರೆ ದಾರಿ ಇರಲಿಲ್ಲ. ಇವರು ಚೆಂದ ಕೇಳುತ್ತದೆ ಅಂತ ಮಾಡುತ್ತಾರೆ. ನನ್ನ ತಕರಾರು ಇದಕ್ಕೆ. ಧಾಟಿಯನ್ನು ಕಡ ತಂದರು ಅನ್ನುವುದಕ್ಕಲ್ಲ.

ನಮ್ಮ ಕಡೆಯದೇ ಒಂದು ಹೇಳುತ್ತೇನೆ. ಯಕ್ಷಗಾನದಲ್ಲಿ ಪದ ಹಾಡುವ ಭಾಗವತರಾಗಿದ್ದ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಹೋದರು. ಮೂವತ್ತರ ಆಸುಪಾಸಿನ ವಯಸ್ಸು. ಆಮೇಲೆ ಬಡಗುತಿಟ್ಟಿನ ಯಕ್ಷಗಾನದಲ್ಲಿ ಅವರ ಹಾಗೆ ಹಾಡಲು ನೋಡಿದ ಭಾಗವತರಿಗೆ ಲೆಕ್ಕವಿಲ್ಲ. ಒಂದು ಸಲ ನಮ್ಮೂರ ಗದ್ದೆಯಲ್ಲಿ ಆಟ. ಭಾಗವತರು ಇನ್ನೂ ಎಳೆಯರು. ನಡುರಾತ್ರಿವರೆಗೂ ಪೂರಾ ನಾವಡರೇ. ಅದೇ ಎಳೆತ, ಅದೇ ಏರುದನಿ, ಪದದ ಕೊನೆಗೆ ಅದೇ ತಿರುವು. ನನ್ನ ಪಕ್ಕದಲ್ಲಿ ಕೂತ ಅಜ್ಜ ಕವಳಕ್ಕೆ ಸುಣ್ಣ ಸವರುತ್ತಾ, ‘ಕ್ಯಾಸೆಟ್ಟು’ ಅಂದರು. ಬೆಳಗಿನ ಜಾವಕ್ಕೆ ಭಾಗವತರ ಗಂಟಲು ಸೋತಿತು. ದನಿ ಮೇಲೆ ಹೋಗಲಿಲ್ಲ. ಒಂದು ದುಃಖದ ಪದ ಬಂತು. ಅದನ್ನು ತಗ್ಗಿದ ದನಿಯಲ್ಲಿ, ಎಳೆಯದೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹಾಡಿದರು. ಮದ್ದಳೆಯವರು ತಟ್ಟನೆ ತಿರುಗಿ ಅವರ ಮುಖ ನೋಡಿದರು. ಅಜ್ಜ ಕವಳ ಅಗಿಯುವುದನ್ನು ನಿಲ್ಲಿಸಿದರು. ಅವತ್ತು ಕೇಳಿದ್ದು ಬೇರೆಲ್ಲೂ ಕೇಳಿದ್ದಲ್ಲ.

ನಾನು ನಂಬಿರುವುದು ಇಷ್ಟೇ. ನಕಲು ಎಲ್ಲಿ ಕೈಕೊಡುತ್ತದೋ ಅಲ್ಲಿ ಸ್ವಂತದ್ದು ಶುರುವಾಗುತ್ತದೆ. ಇದಕ್ಕೇ ಇವತ್ತಿನ ಹುಡುಗರ ಬಗ್ಗೆ ನನಗೆ ಸಂಕಟ. ಅವರ ನಕಲು ಕೈಕೊಡುವುದೇ ಇಲ್ಲ. ಯಾವ ಕಾಲದ ಯಾವ ಆಂಪಿನ ಸದ್ದು ಬೇಕಾದರೂ ಲ್ಯಾಪ್‌ಟಾಪಿನಲ್ಲಿ ಸಿಗುತ್ತದೆ. ತಾಳ ತಪ್ಪಿದರೆ ಕಂಪ್ಯೂಟರೇ ಎಳೆದು ಕೂರಿಸುತ್ತದೆ. ತಪ್ಪಲು ಜಾಗವೇ ಉಳಿದಿಲ್ಲ. ಇಲ್ಲಿ ನೀನು ಹೇಳುವುದು ನಿಜ.

ಆದರೆ ನಿನ್ನ ಪಟ್ಟಿಯಲ್ಲೇ ಡಬ್ಲಿನ್ನಿನ ಫಾಂಟೇನ್ಸ್ ಡಿಸಿ ಇದೆಯಲ್ಲ, ಅದನ್ನೂ ಅದೇ ಗಂಟಿಗೆ ಕಟ್ಟಿಬಿಟ್ಟೆ. ಅವರ 2019ರ ಮೊದಲ ಆಲ್ಬಮ್ಮನ್ನು ಇನ್ನೊಮ್ಮೆ ಕೇಳು. ಗಿಟಾರಿನ ಸದ್ದೆಲ್ಲ ಮೊದಲು ಕೇಳಿದ್ದೇ, ಒಪ್ಪುತ್ತೇನೆ. ಹಾಡುವವನು ಮಾತ್ರ ತನ್ನೂರ ಉಚ್ಚಾರ ಬಿಟ್ಟುಕೊಟ್ಟಿಲ್ಲ. ಎರಡು ಮಾತು ಕೇಳಿದರೆ ಇವರು ಶಿರಸಿಯವರು, ಇವರು ಕಾರವಾರದವರು ಅಂತ ನಮಗೆ ಗೊತ್ತಾಗುತ್ತದಲ್ವಾ, ಹಾಗೆ. ಆ ನಾಲಿಗೆಗೆ ತಕ್ಕ ಹಾಗೆ ತಾಳವೂ ಬಾಗಿದೆ.

ಹಾಗಂತ ಊರಿನದು ಏನಾದರೂ ತಂದು ಸೇರಿಸಿದರೆ ಆಯಿತು ಅಂತಲ್ಲ. ಹಾಲಕ್ಕಿ ಒಕ್ಕಲಿಗರ ಮಣ್ಣಿನ ವಾದ್ಯ ಗುಮಟೆಯನ್ನು ಗಿಟಾರಿನ ಹಿಂದೆ ನಾಲ್ಕು ಸಲ ಬಾರಿಸಿ ಫ್ಯೂಷನ್ ಅಂದರೆ ಅದೂ ನಕಲೇ. ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಶರೀಫರ ಪದ ಹಾಡಿದಾಗ ನಾವು ಕುಣಿದದ್ದು ವಾದ್ಯಕ್ಕಲ್ಲ. ಆ ಪದ ಅವರ ಬಾಯಲ್ಲಿ ಅವರದೇ ಮಾತಿನ ಹಾಗೆ ಬಂತು, ಅದಕ್ಕೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗ ಮೂವರು ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದಾನೆ. ಮನೆಯ ಮಹಡಿ ಮೇಲಿನ ತಗಡಿನ ಕೋಣೆಯಲ್ಲಿ ಅಭ್ಯಾಸ. ಕಡಲಿನ ಉಪ್ಪು ಗಾಳಿಗೆ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ. ನಾನು ಹೋದ ದಿನ ಅವನ ಗಿಟಾರಿನ ಎಲ್ಲಕ್ಕಿಂತ ಸಪೂರ ತಂತಿ ತುಂಡಾಗಿತ್ತು. ಆರ್ಡರ್ ಮಾಡಿದ್ದು ಬಂದಿರಲಿಲ್ಲ. ತಾವೇ ಕಟ್ಟಿದ ಹಾಡು ಅಂತ ಶುರು ಮಾಡಿದರು. ಸ್ಟ್ರೋಕ್ಸ್ ಬ್ಯಾಂಡಿನ ನಕಲು ಅಂತ ನನಗೆ ಕೂಡಲೇ ತಿಳಿಯಿತು. ಆದರೆ ನಡುವಿನ ಗಿಟಾರಿನ ತುಣುಕು ಬಂದಾಗ ಹುಡುಗನಿಗೆ ಆ ಸಪೂರ ತಂತಿ ಇಲ್ಲ. ಎರಡನೇ ತಂತಿಯ ಮೇಲೆ ಬೆರಳು ಜಾರಿಸಿಕೊಂಡು ಹೋದ. ಮುಟ್ಟಬೇಕಾದ ಸ್ವರಕ್ಕೆ ಒಂದು ಚೂರು ತಡವಾಗಿ ಮುಟ್ಟಿದ. ಡ್ರಮ್ಮಿನ ಹುಡುಗ ಕೋಲು ಎತ್ತಿ ಹಿಡಿದು ಅವನಿಗಾಗಿ ಕಾದ. ಮತ್ತೆ ತಡ. ಮತ್ತೆ ಕಾದ. ನಾಲ್ಕನೇ ಸಲಕ್ಕೆ ಆ ತಡವೇ ತಾಳವಾಗಿತ್ತು. ಮೇಲೆ ತಗಡಿಗೆ ಮಳೆ. ನನ್ನ ಮೈ ಜುಮ್ಮೆಂದಿತು ಕಣೋ.

ಮರುದಿನ ತಂತಿ ಬಂತು. ಸಂಜೆ ಮತ್ತೆ ನುಡಿಸಿದರು. ‘ಮಾಮಾ, ಈಗ ಸರಿಯಾಯ್ತು ನೋಡು’ ಅಂದ. ಸರಿಯಾಗಿತ್ತು. ಮೂವತ್ತು ಸೆಕೆಂಡೂ ಬೇಕಿರಲಿಲ್ಲ, ಯಾರದು ಅಂತ ಹೇಳಲು. ನಿನ್ನೆಯದನ್ನೇ ಇಟ್ಟುಕೊಳ್ಳಿ ಅಂದೆ. ‘ನಿನ್ನೆ ತಪ್ಪಾಗಿತ್ತಲ್ಲ’ ಅಂದ. ಹುಕ್‌ನ ಕಥೆ ಹೇಳಿದೆ. ಸುಮ್ನೆ ಕೇಳಿಸಿಕೊಂಡ.

ಎರಡೂ ದಿನ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಇದರ ಜೊತೆ ಕಳಿಸುತ್ತಿದ್ದೇನೆ. ಮಳೆಯ ಸದ್ದು ಇರುವುದು ತಂತಿ ಇಲ್ಲದ ದಿನದ್ದು. ಅವನಿಗೆ ಗಿಟಾರಿನಲ್ಲಿ ಮೊದಲ ಕಾರ್ಡ್ (ಸ್ವರಗುಚ್ಛ) ಹಿಡಿಯಲು ಕಲಿಸಿದವನು ನೀನು. ನಿನ್ನ ಮಾತು ಕೇಳುತ್ತಾನೆ. ಎರಡನ್ನೂ ಇಯರ್‌ಫೋನ್ ಹಾಕಿ ಕೇಳಿ ಅವನಿಗೊಂದು ಫೋನ್ ಮಾಡು. ಶನಿವಾರದೊಳಗೆ ಮಾಡು. ಶನಿವಾರ ಯಾರದೋ ಲ್ಯಾಪ್‌ಟಾಪ್ ತಂದು ಹಾಡನ್ನು ಪಕ್ಕಾ ರೆಕಾರ್ಡ್ ಮಾಡುತ್ತಾರಂತೆ.

ನಿನ್ನ ಗೆಳೆಯ