ಫಿನಾಲೆ ಸ್ಪಾಯ್ಲರ್ ಹಾಕ್ಬೇಡಿ ಪ್ಲೀಸ್

ಎಲ್ರಿಗೂ ನಮಸ್ಕಾರ, ಗ್ರೂಪಲ್ಲಿ ‘ಆಶ್ ವರ್ಸಸ್ ಈವಿಲ್ ಡೆಡ್’ ಅನ್ನೋ ಹಾರರ್-ಕಾಮಿಡಿ ಸೀರೀಸ್ ನೋಡೋರು ಜಾಸ್ತಿ ಆಗ್ತಿದ್ದೀರ, ಖುಷಿ ವಿಷ್ಯ, ಆದ್ರೆ ಸೀಸನ್ ಕೊನೇ ಎಪಿಸೋಡಲ್ಲಿ ಏನಾಯ್ತು ಅಂತ ದಯವಿಟ್ಟು ಇಲ್ಲಿ ಬಾಯ್ಬಿಡ್ಬೇಡಿ, ಇನ್ನೂ ನೋಡ್ತಿರೋರ ಮಜಾ ಹಾಳಾಗುತ್ತೆ. ಇರೋದೇ 3 ಸೀಸನ್, ಒಂದೊಂದ್ರಲ್ಲೂ 10 ಎಪಿಸೋಡ್, ಹೆಚ್ಚುಕಮ್ಮಿ ಅರ್ಧ ಗಂಟೆದು.

ಮೊದಲ್ನೇ ಸೀಸನ್ ಫಿನಾಲೆನ ಲೈಟ್ ಆರಿಸ್ಕೊಂಡೇ ನೋಡಿ, ಕಾಡಿನ ಮಧ್ಯೆ ‘ಈವಿಲ್ ಡೆಡ್’ ಸಿನಿಮಾದ ಅದೇ ಹಳೇ ಮನೆ, ಕೈ ಇರ್ಬೇಕಾದ ಜಾಗದಲ್ಲಿ ಗರಗಸ ಸಿಗಿಸ್ಕೊಂಡಿರೋ ಆಶ್ ಪಾತ್ರದ ಬ್ರೂಸ್ ಕ್ಯಾಂಬೆಲ್, ಎದೆ ಡವಡವ ಅಂತಿರುವಾಗ್ಲೇ ಒಂದ್ ಡೈಲಾಗ್ ಹೊಡೆದು ನಗಿಸ್ಬಿಡ್ತಾರೆ, ಆ ಟೈಮಿಂಗ್ ಬೇರೆ ಯಾರಿಗೂ ಬರಲ್ಲ. 3ನೇ ಸೀಸನ್ ಹೊಸ ಕಥೆ ಶುರುವಾಗೋ ಥರ ಮುಗಿಯುತ್ತೆ, 2018ರಲ್ಲೇ ಸೀರೀಸ್ ನಿಲ್ಸಿದ್ದು ನಿಜಕ್ಕೂ ಅನ್ಯಾಯ.

ಮಾತಾಡ್ಲೇಬೇಕು ಅನ್ಸಿದ್ರೆ ಮೆಸೇಜ್ ಮೇಲ್ಗಡೆ ಸೀಸನ್, ಎಪಿಸೋಡ್ ನಂಬರ್ ಹಾಕಿ.